3,500 ಕಿಲೊ ಎಳೆಯುತ್ತೆ ಅಂದರೆ ಸಾಕಾ? ಕ್ಯಾರವಾನ್‌ಗಾಗಿ ಹಳೇ ಫೋರ್ ವೀಲ್ ಡ್ರೈವ್ ಕೊಳ್ಳುವ ಮುಂಚೆ

ಓದುಗರ ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ನಾನು, ಹೆಂಡತಿ, 9 ಮತ್ತು 12 ವರ್ಷದ ಇಬ್ಬರು ಮಕ್ಕಳು. ಹೋದ ತಿಂಗಳು 20 ಅಡಿಯ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ (ಗಾಡಿ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ತಗೊಂಡೆವು. ಅದರ ಪ್ಲೇಟಿನ ಮೇಲೆ ಟೇರ್ (ಖಾಲಿ ತೂಕ) 2,180 ಕಿಲೊ, ಎಟಿಎಂ (ಸಾಮಾನು ತುಂಬಿದಾಗ ಇರಬಹುದಾದ ಗರಿಷ್ಠ ತೂಕ) 2,700 ಕಿಲೊ ಎಂದು ಬರೆದಿದೆ. ಈಗ ಎಳೆಯಲು ಗಾಡಿ ಬೇಕು. ಕೈಯಲ್ಲಿರುವುದು 50,000 ಡಾಲರ್. ನೋಡಿರುವುದು ಮೂರು: 2,90,000 ಕಿ.ಮೀ. ಓಡಿದ 2014ರ ಲ್ಯಾಂಡ್ ಕ್ರೂಸರ್ 200 ಡೀಸೆಲ್, 1,30,000 ಓಡಿದ 2018ರ ಪ್ರಾಡೊ ಆಟೊಮ್ಯಾಟಿಕ್, 1,60,000 ಓಡಿದ 2016ರ ಪಜೇರೊ. ಸ್ನೇಹಿತರೊಬ್ಬರು 'ಸುಮ್ನೆ ಒಂದು ಫೋರ್ಡ್ ರೇಂಜರ್ ತಗೊ, 3,500 ಕಿಲೊ ಎಳೆಯುತ್ತೆ' ಅನ್ನುತ್ತಾರೆ. ಜೂನ್‌ನಲ್ಲಿ ಶಿವಮೊಗ್ಗದಿಂದ ಅಪ್ಪ-ಅಮ್ಮ ಬರುತ್ತಾರೆ. ಆರೂ ಜನ ಅಡಿಲೇಡ್ ಮೇಲೆ ಹಾದು ಉಲುರುವರೆಗೆ ಹೋಗಬೇಕೆಂಬ ಆಸೆ. ಮೂರು ಲಕ್ಷದ ಹತ್ತಿರ ಓಡಿದ ಗಾಡಿ ಎಂದರೆ ಭಯ. ನಡುದಾರಿಯಲ್ಲಿ ಕೈಕೊಟ್ಟರೆ ವಯಸ್ಸಾದವರನ್ನು ಕರೆದುಕೊಂಡು ಏನು ಮಾಡೋದು? ಯಾವುದನ್ನು ನಂಬಬಹುದು?

ಉತ್ತರ:

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಪೋರ್ಟ್ ಆಗಸ್ಟಾ ದಾಟಿ ಉತ್ತರಕ್ಕೆ ತಿರುಗಿದ ಮೇಲೆ ಒಂದು ಊರಿಂದ ಇನ್ನೊಂದು ಊರಿಗೆ ನೂರಾರು ಕಿಲೊಮೀಟರ್. ಅಲ್ಲಿ ಗಾಡಿ ನಿಂತರೆ ಪಕ್ಕದ ಗ್ಯಾರೇಜಿಗೆ ತಳ್ಳಿಕೊಂಡು ಹೋಗುವ ಮಾತೇ ಇಲ್ಲ. ಆದರೆ ನಿಮ್ಮ ಪತ್ರದಲ್ಲಿ ನೀವು ಭಯಪಟ್ಟಿರುವುದು ಓಡಿದ ಕಿಲೊಮೀಟರಿಗೆ. ನನಗೆ ಭಯ ಆಗಿದ್ದು ಬೇರೆ ವಿಷಯಕ್ಕೆ: ಆರು ಜನ ಮತ್ತು 2,700 ಕಿಲೊ. ಅದನ್ನೇ ಮೊದಲು ನೋಡೋಣ. ಯಾಕಂದರೆ ತೂಕದ ಲೆಕ್ಕ ತಪ್ಪಿದರೆ ಎಂಥ ಒಳ್ಳೆ ಗಾಡಿಯೂ ಕೈಕೊಡುತ್ತದೆ.

3,500 ಕಿಲೊ ಎಂಬ ಅಂಕಿ ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಗಾಡಿಗೆ ಇನ್ನೆರಡು ಮಿತಿ ಇವೆ. ಒಂದು ಜಿವಿಎಂ, ಅಂದರೆ ಜನ, ಸಾಮಾನು, ಡೀಸೆಲ್ ಎಲ್ಲಾ ಸೇರಿ ಗಾಡಿ ಎಷ್ಟು ತೂಗಬಹುದು ಎಂಬುದು. ಇನ್ನೊಂದು ಜಿಸಿಎಂ, ಅಂದರೆ ಗಾಡಿ ಮತ್ತು ಕ್ಯಾರವಾನ್ ಎರಡೂ ಸೇರಿ ಎಷ್ಟು ತೂಗಬಹುದು ಎಂಬುದು. ನಿಮ್ಮ ಸ್ನೇಹಿತರು ಹೇಳಿದ ರೇಂಜರನ್ನೇ ತಗೊಳ್ಳಿ. 3.2 ಲೀಟರ್ ಐದು ಸಿಲಿಂಡರಿನ ಡಬಲ್ ಕ್ಯಾಬ್‌ಗೆ ಜಿಸಿಎಂ 6,000 ಕಿಲೊ. ಹಿಂದೆ 3,500 ಕಟ್ಟಿದರೆ ಗಾಡಿಯ ಪಾಲಿಗೆ ಉಳಿಯುವುದು 2,500. ಖಾಲಿ ಗಾಡಿಯೇ ಸುಮಾರು 2,200 ಇರುತ್ತದೆ. ಮಿಕ್ಕ 300 ಕಿಲೊದಲ್ಲಿ ಜನ, ಬುಲ್ ಬಾರ್ (ಮುಂದಿನ ಬಂಪರಿನ ಲೋಹದ ಗಾರ್ಡ್), ಟೂಲ್ಸ್, ಫ್ರಿಜ್ ಎಲ್ಲಾ ಹಿಡಿಸಬೇಕು. ಒಳ್ಳೆಯ ಎಂಜಿನ್ ಅದು, ಭಾರತದಲ್ಲಿ ಎಂಡೆವರ್‌ನಲ್ಲಿ ಬಂದಿದ್ದೂ ಅದೇ. ಆದರೆ ಅದರಲ್ಲಿ ಐದೇ ಸೀಟು. ನೀವು ಆರು ಜನ. ಹಾಗಾಗಿ ಅದನ್ನು ಇಲ್ಲಿಗೇ ಬಿಡೋಣ.

ಈಗ ಟೋ ಬಾಲ್, ಅಂದರೆ ಕ್ಯಾರವಾನ್ ಸಿಕ್ಕಿಸಲು ಗಾಡಿಯ ಹಿಂದಿರುವ ಲೋಹದ ಗುಂಡಿನ ಮೇಲೆ ಬೀಳುವ ಭಾರ. ಇದನ್ನು ನಮ್ಮವರಿಗೆ ಹೇಳುವುದು ಸುಲಭ. ದಾವಣಗೆರೆ ಕಡೆ ನಮ್ಮಜ್ಜ ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ನಡುನಡುವೆ ಮುಂದೆ ಬಂದು ಮೂಕಿ ಎತ್ತಿ ನೋಡುತ್ತಿದ್ದರು. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ನೊಗದ ಹಗ್ಗ ಎತ್ತಿನ ಕೊರಳಿಗೆ ಬಿಗಿಯುತ್ತದೆ. ಮುಂಭಾರ ಜಾಸ್ತಿ ಆದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಎರಡು ಚಕ್ರದ ಗಾಡಿಗೆ ಇರುವ ನಿಯಮವೇ ಕ್ಯಾರವಾನಿಗೂ ಇರುವುದು. ಆಸ್ಟ್ರೇಲಿಯಾದ ಕ್ಯಾರವಾನ್‌ಗಳಿಗೆ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಟೋ ಬಾಲ್ ಮೇಲೆ ಇರಬೇಕು ಎಂಬುದು ರೂಢಿಯ ಲೆಕ್ಕ. 2,700 ಕಿಲೊ ಕ್ಯಾರವಾನ್ ಆದರೆ 270 ಕಿಲೊ. ಈ 270 ಕಿಲೊ ಕ್ಯಾರವಾನಿನದೇ ಆದರೂ ಹೊರುವುದು ನಿಮ್ಮ ಗಾಡಿ. ಗಾಡಿಯ ಜಿವಿಎಂನಲ್ಲಿ ಅದೂ ಸೇರುತ್ತದೆ. ಬಹಳ ಜನ ಮರೆಯುವುದು ಇದನ್ನೇ.

ನಿಮ್ಮ ಮೂರು ಗಾಡಿಗೂ ಲೆಕ್ಕ ಹಾಕಿದ್ದೇನೆ. ಮಾಡೆಲ್ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಆದರೆ ಚಿತ್ರ ಬದಲಾಗುವುದಿಲ್ಲ. ನಿಮ್ಮ ಮನೆಯ ನಾಲ್ವರನ್ನು ಒಟ್ಟು 218 ಕಿಲೊ, ಅಪ್ಪ-ಅಮ್ಮ ಸೇರಿದರೆ 350 ಕಿಲೊ ಎಂದು ಅಂದಾಜು ಮಾಡಿಕೊಂಡಿದ್ದೇನೆ.

ಲ್ಯಾಂಡ್ ಕ್ರೂಸರ್ 200ರ ಜಿವಿಎಂ 3,350. ಖಾಲಿ ಗಾಡಿ ಸುಮಾರು 2,740. ಹೊರಬಹುದಾದದ್ದು 610 ಕಿಲೊ. ಟೋ ಬಾಲ್ ಭಾರ 270, ಆರು ಜನ 350, ಒಟ್ಟು 620. ಒಂದು ಸೂಟ್‌ಕೇಸ್ ಇಡುವ ಮುಂಚೆಯೇ ಮಿತಿ ಮೀರಿತು! ಎಲ್ಲರೂ ರಾಜ ಎಂದು ಕರೆಯುವ ಗಾಡಿ ಇದು. ಎಳೆಯುವುದರಲ್ಲಿ ರಾಜನೇ. ಹೊರುವುದರಲ್ಲಿ ಅಲ್ಲ.

ಪ್ರಾಡೊದ ಜಿವಿಎಂ 2,990, ಖಾಲಿ ತೂಕ ಸುಮಾರು 2,325. ಹೊರಬಹುದಾದದ್ದು 665. ಆರು ಜನ ಕೂತರೆ 45 ಕಿಲೊ ಉಳಿಯುತ್ತದೆ. ಬುಲ್ ಬಾರ್ ಒಂದಕ್ಕೂ ಸಾಲದು. 2017ರ ಕೊನೆಗೆ ಪ್ರಾಡೊ ಮುಖ ಬದಲಾಯಿಸಿ ಬಂದಾಗ ಆಟೊಮ್ಯಾಟಿಕ್‌ನ ಎಳೆಯುವ ಮಿತಿ 2,500ರಿಂದ 3,000ಕ್ಕೆ ಏರಿತು. ಹಾಗಾಗಿ 2018ರದ್ದು ನಿಮ್ಮ ಕ್ಯಾರವಾನಿಗೆ ಆಗುತ್ತದೆ. ಅದೇ 2.8 ಲೀಟರ್ ಎಂಜಿನ್ ಇರುವ 2016ರದ್ದು ಆಗುವುದಿಲ್ಲ. ಅಗ್ಗಕ್ಕೆ ಸಿಗುತ್ತೆ ಎಂದು ಎರಡು ವರ್ಷ ಹಳೆಯದಕ್ಕೆ ಹೋಗಬೇಡಿ.

ಪಜೇರೊ 3,000 ಕಿಲೊ ಎಳೆಯುತ್ತದೆ. ಆದರೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತಿದೆ. ಕ್ಯಾರವಾನ್ 2,500 ಕಿಲೊ ಒಳಗಿದ್ದರೆ ಟೋ ಬಾಲ್ ಮೇಲೆ 250 ಕಿಲೊ ಬಿಡಬಹುದು. 2,500 ದಾಟಿದರೆ 180 ಕಿಲೊ ಮಾತ್ರ. ನಿಮಗೆ ಬೇಕಾದದ್ದು 270. ಅಂದರೆ ಕ್ಯಾರವಾನನ್ನು ಪೂರ್ತಿ ತುಂಬಿದರೆ ಪಜೇರೊ ಆಗುವುದೇ ಇಲ್ಲ.

'ಏರ್‌ಬ್ಯಾಗ್ ಹಾಕಿಸಿದರೆ ಆಯ್ತಲ್ವಾ?' ಎಂದು ಕೇಳುವವರಿದ್ದಾರೆ. ಹಿಂದಿನ ಸ್ಪ್ರಿಂಗಿನೊಳಗೆ ಗಾಳಿ ಚೀಲ ಹಾಕಿದರೆ ಗಾಡಿ ಮಟ್ಟವಾಗಿ ಕಾಣುತ್ತದೆ, ಅಷ್ಟೇ. ಹೊರುವ ಮಿತಿ ಒಂದು ಕಿಲೊ ಕೂಡ ಏರುವುದಿಲ್ಲ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇರೆ ಕೆಲಸ ಮಾಡುತ್ತದೆ, ಮತ್ತು ಒಳ್ಳೆಯ ಕೆಲಸ. ಪ್ರಾಡೊದ ಎರಡು ಆಕ್ಸಲ್ ನಡುವೆ 2.79 ಮೀಟರ್. ಟೋ ಬಾಲ್ ಹಿಂದಿನ ಆಕ್ಸಲಿಗಿಂತ ಸುಮಾರು 1.2 ಮೀಟರ್ ಹಿಂದಿದೆ ಎಂದುಕೊಳ್ಳಿ. ಅಲ್ಲಿ 250 ಕಿಲೊ ಕೂತರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 250 ಅಲ್ಲ, 350ರ ಮೇಲೆ. ಏತದ ಹಾಗೆ ಮುಂದಿನ ಚಕ್ರದಿಂದ ನೂರು ಕಿಲೊ ಎತ್ತಿಬಿಡುತ್ತದೆ. ಸ್ಟೀರಿಂಗ್ ಹಗುರಾಗುವುದು, ಬ್ರೇಕ್ ಹಿಡಿಯದೆ ಇರುವುದು ಅದಕ್ಕೇ. ಆ ಹಿಚ್ ಈ ಭಾರವನ್ನು ಮುಂದಿನ ಚಕ್ರಕ್ಕೆ ವಾಪಸ್ ಹಂಚುತ್ತದೆ. ಆದರೆ ಒಟ್ಟು ಭಾರ ಅಷ್ಟೇ ಇರುತ್ತದೆ.

ಎರಡು ವರ್ಷದ ಹಿಂದೆ ನಮ್ಮವರದೇ ಒಂದು ಕುಟುಂಬ ವರ್ಕ್‌ಶಾಪಿಗೆ ಬಂತು. ಗಂಟೆಗೆ 95 ಕಿ.ಮೀ. ವೇಗದಲ್ಲಿ ಹೋಗುವಾಗ ಲಾರಿಯೊಂದು ಪಕ್ಕದಲ್ಲಿ ಹಾದಿದೆ, ಕ್ಯಾರವಾನ್ ನಾಯಿ ಬಾಲದಂತೆ ಅಲ್ಲಾಡಲು ಶುರುವಾಗಿದೆ. ಆ ತಾಯಿಯ ಕೈ ಇನ್ನೂ ನಡುಗುತ್ತಿತ್ತು. ಸಸ್ಪೆನ್ಷನ್ ಹೋಗಿದೆ, ನೋಡಿ ಎಂದರು. ಗಾಡಿ ಸರಿಯಾಗಿಯೇ ಇತ್ತು. ಟೋ ಬಾಲ್ ಭಾರ ಅಳೆದರೆ 2,300 ಕಿಲೊ ಕ್ಯಾರವಾನಿಗೆ ಬರೀ 120 ಕಿಲೊ. ಹಿಂದಿನ ಬಂಕ್ ಕೆಳಗೆ ಎರಡು ಅಕ್ಕಿ ಮೂಟೆ, ಗ್ರೈಂಡರ್, ಕುಕ್ಕರ್, ನೀರಿನ ಕ್ಯಾನ್. ಹಿಂದಿನ ಬಂಪರಿಗೆ ನಾಲ್ಕು ಸೈಕಲ್. ಅಪ್ಪಟ ಹಿಂಭಾರ. ಸೈಕಲ್ ಬಿಚ್ಚಿ, ಮೂಟೆ ಎಲ್ಲಾ ಆಕ್ಸಲ್ ಮೇಲಕ್ಕೆ ತಂದು ಮತ್ತೆ ಅಳೆದಾಗ 225 ಬಂತು. ರಿಪೇರಿ ಅಂತ ಏನೂ ಮಾಡಲಿಲ್ಲ. ಅವರು ಈಗಲೂ ಅದೇ ಗಾಡಿಯಲ್ಲಿ ಓಡಾಡುತ್ತಿದ್ದಾರೆ.

ಸರಿ, ಈಗ ನಿಮ್ಮ ಭಯದ ವಿಷಯ. 2,90,000 ಓಡಿದೆ ಎಂದರೆ ಮುಗಿಯಿತು ಎನ್ನುವುದು ತಪ್ಪು. ಹೈವೇಯಲ್ಲಿ ಒಂದೇ ಸಮನೆ ಓಡಿ, ಸಮಯಕ್ಕೆ ಆಯಿಲ್ ಕಂಡ ಡೀಸೆಲ್ ಎಂಜಿನ್ ಮೂರು ಲಕ್ಷಕ್ಕೆ ಚೆನ್ನಾಗಿಯೇ ಇರುತ್ತದೆ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವುದಕ್ಕೇ ಓಡಿದ ಗಾಡಿ ಒಂದು ಲಕ್ಷಕ್ಕೇ ತೊಂದರೆ ಕೊಡಬಹುದು. ಕಾರಣ ಡಿಪಿಎಫ್. ಹೊಗೆಯ ಮಸಿಯನ್ನು ಹಿಡಿದಿಡುವ ಈ ಫಿಲ್ಟರ್ ಎಂಜಿನ್ ಚೆನ್ನಾಗಿ ಕಾದಾಗ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಐದು ನಿಮಿಷದ ಓಡಾಟದಲ್ಲಿ ಕಾಯುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ಅದರ ಜೊತೆಗೆ, ಆಸ್ಟ್ರೇಲಿಯಾದಲ್ಲಿ 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್‌ವರೆಗೆ ಮಾರಾಟವಾದ 2.8 ಲೀಟರ್ ಪ್ರಾಡೊ, ಹೈಲಕ್ಸ್, ಫಾರ್ಚೂನರ್‌ಗಳ ಡಿಪಿಎಫ್ ವ್ಯವಸ್ಥೆಯಲ್ಲೇ ದೋಷವಿತ್ತು ಎಂದು 2022ರಲ್ಲಿ ಫೆಡರಲ್ ಕೋರ್ಟ್ ಹೇಳಿತು. ನೀವು ನೋಡಿರುವ ಪ್ರಾಡೊ ಈ ಅವಧಿಯದ್ದೇ. ಅದಕ್ಕೆಂದು ಬಿಟ್ಟುಬಿಡಿ ಎನ್ನುವುದಿಲ್ಲ. 2020ರಲ್ಲಿ ಕಂಪನಿ ಇದಕ್ಕೆ ಪರಿಹಾರ ತಂದಿತು. ಆ ಕೆಲಸ ಈ ಗಾಡಿಗೆ ಆಗಿದೆಯಾ ಎಂಬ ಕಾಗದ ಕೇಳಿ. ಆಗಿದ್ದರೆ, ಕ್ಯಾರವಾನ್ ಕಟ್ಟಿಕೊಂಡು ದೂರ ಹೋಗುವುದು ಡಿಪಿಎಫ್‌ಗೆ ಒಳ್ಳೆಯದೇ. 2014ರ ಲ್ಯಾಂಡ್ ಕ್ರೂಸರಿಗೆ ಡಿಪಿಎಫ್ ಇಲ್ಲ, ಆ ತಲೆನೋವೂ ಇಲ್ಲ. ಆದರೆ ಅದು ವಿ8, ಅಂದರೆ ಎಂಟು ಸಿಲಿಂಡರ್. ಇಂಜೆಕ್ಟರ್ ಕೆಟ್ಟರೆ ಎಂಟರ ಖರ್ಚು.

ಗಾಡಿ ನೋಡಲು ಬೆಳಿಗ್ಗೆ ಹೋಗಿ. ಎಂಜಿನ್ ತಣ್ಣಗಿರಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿರುವಾಗ ಮೊದಲ ಕೆಲವು ಸೆಕೆಂಡಿನಲ್ಲಿ ಕೇಳುವ ಸದ್ದು ಬಹಳ ಹೇಳುತ್ತದೆ. ಪಜೇರೊದ 3.2 ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಆಗಲೇ ಗಲಗಲ ಎನ್ನುತ್ತದೆ.

ಆಮೇಲೆ ಏರ್ ಫಿಲ್ಟರ್ ಡಬ್ಬಿ ತೆಗೆಸಿ. ಒಮ್ಮೆ ಒಬ್ಬರ ಜೊತೆ ದೊಡ್ಡ ಡೀಸೆಲ್ ಗಾಡಿಯೊಂದನ್ನು ನೋಡಲು ಹೋಗಿದ್ದೆ. ಹೊಸ ಪಾಲಿಶ್, ಹೊಸ ಟೈರ್, ಒಳಗೆ ಹೊಸದರಂಥ ವಾಸನೆ. ಫಿಲ್ಟರ್ ಕೂಡ ಹೊಸದು, ಬೆಳ್ಳಗಿತ್ತು. ಫಿಲ್ಟರ್ ತೆಗೆದು, ಅದರ ಆಚೆ ಎಂಜಿನ್ ಕಡೆಗೆ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿದೆ. ಬಟ್ಟೆ ಕೆಂಪಾಯಿತು. ನಮ್ಮೂರ ಕೆಮ್ಮಣ್ಣಿನ ಬಣ್ಣ. ಒಳನಾಡಿನ ದೂಳು ಫಿಲ್ಟರನ್ನೂ ದಾಟಿ ಎಂಜಿನ್ ಒಳಗೆ ಹೋಗಿತ್ತು. ಈ ದೂಳು ಸಿಲಿಂಡರನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ. ಆಯಿಲ್ ಫಿಲ್ಲರ್ ಮುಚ್ಚಳ ತೆಗೆದಾಗ ಒಳಗಿನಿಂದ ಹೊಗೆ ದಬದಬ ಬರುತ್ತಿತ್ತು. ಅಲ್ಲಿಂದ ಹೊರಟೆವು. ಲ್ಯಾಂಡ್ ಕ್ರೂಸರ್ 200 ಡೀಸೆಲ್ ನೋಡುವಾಗ ಈ ಪರೀಕ್ಷೆ ಬಿಡಲೇಬೇಡಿ.

ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ಗುಲಾಬಿ ಬಣ್ಣದ ಒಣಗಿದ ಕಲೆ ಇದ್ದರೆ ಕೂಲಂಟ್ ಜಿನುಗುತ್ತಿದೆ ಎಂದರ್ಥ. ಖಾಲಿ ಓಡುವಾಗ ಇದು ತೊಂದರೆ ಕೊಡದೆ ಇರಬಹುದು. ಎರಡೂವರೆ ಟನ್ ಕಟ್ಟಿಕೊಂಡು ಎದುರು ಗಾಳಿಯಲ್ಲಿ ಏರು ಹತ್ತುವಾಗ ಬಿರುಕು ಬಾಯಿ ಬಿಡುತ್ತದೆ.

ಗೇರ್‌ಬಾಕ್ಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನಾನು ಕಂಡ ಹಾಗೆ, ಕ್ಯಾರವಾನ್ ಎಳೆದ ಗಾಡಿಗಳಲ್ಲಿ ಎಂಜಿನ್ನಿಗಿಂತ ಮೊದಲು ಸಾಯುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಕೊಲ್ಲುವುದು ಬಿಸಿ. ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಜಾರುತ್ತಿದ್ದಾಗ ಆಯಿಲ್ ಕಾಯುತ್ತದೆ. ಮೇಲಿನ ಗೇರಿನಲ್ಲಿ ಎಳೆಯಲಾಗದೆ ಗಾಡಿ ಗೇರ್ ಏರಿಸಿ ಇಳಿಸಿ ಒದ್ದಾಡುವುದು ಆಗಲೇ. 'ಈ ಆಯಿಲ್ ಗಾಡಿ ಇರೋವರೆಗೂ ಬದಲಿಸಬೇಕಿಲ್ಲ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರ ಎಳೆಯುವ ಗಾಡಿಗೆ 60,000ದಿಂದ 80,000 ಕಿಲೊಮೀಟರಿಗೆ ಒಮ್ಮೆ ನಾನು ಬದಲಿಸುತ್ತೇನೆ. ಸರ್ವಿಸ್ ಬುಕ್ಕಿನಲ್ಲಿ ಈ ಆಯಿಲ್ ಬದಲಿಸಿದ ದಾಖಲೆ ಹುಡುಕಿ. ಇಲ್ಲದಿದ್ದರೆ ಮೆಕ್ಯಾನಿಕ್ ಕೈಯಲ್ಲಿ ಸ್ವಲ್ಪ ಆಯಿಲ್ ತೆಗೆಸಿ ನೋಡಿ. ಕೆಂಪಗಿದ್ದರೆ ಒಳ್ಳೆಯದು. ಕಾಫಿ ಡಿಕಾಕ್ಷನ್ ಬಣ್ಣವಿದ್ದು ಸೀದ ವಾಸನೆ ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ.

'ಈ ಗಾಡಿ ಯಾವತ್ತೂ ಏನೂ ಎಳೆದೇ ಇಲ್ಲ' ಎಂಬ ಮಾತು ಬಹಳ ಕೇಳುತ್ತೀರಿ. ಟೋ ಬಾಲ್ ಸವೆದು ಹೊಳೆಯುತ್ತಿದೆಯಾ, ಡ್ಯಾಶ್‌ಬೋರ್ಡ್ ಕೆಳಗೆ ಬ್ರೇಕ್ ಕಂಟ್ರೋಲರ್ (ಕ್ಯಾರವಾನಿನ ಬ್ರೇಕನ್ನು ಗಾಡಿಯಿಂದ ಹಿಡಿಸುವ ಸಾಧನ) ಬಿಚ್ಚಿದ ತೂತು ಇದೆಯಾ ನೋಡಿ. ಎಳೆದಿದ್ದರೆ ತಪ್ಪಿಲ್ಲ, ಮುಚ್ಚಿಟ್ಟರೆ ತಪ್ಪು. ಟೋ ಬಾರಿನ ಪ್ಲೇಟನ್ನೂ ಓದಿ. ಗಾಡಿ 3,000 ಎಳೆದರೂ ಟೋ ಬಾರ್ 2,500ರದ್ದಾಗಿದ್ದರೆ ನಿಮ್ಮ ಮಿತಿ 2,500. ಲೋ ರೇಂಜ್ (ಕಷ್ಟದ ದಾರಿಗೆ ಇರುವ ನಿಧಾನದ ಗೇರ್) ಹಾಕಿಸಿ ಓಡಿಸಿ. ಕೆಳಗೆ ಬಗ್ಗಿ ಚಾಸಿಸ್ ಒಳಭಾಗದ ತುಕ್ಕು ನೋಡಿ, ಕಡಲ ಮರಳಲ್ಲಿ ಓಡಿದ ಗಾಡಿಗೆ ಅಲ್ಲೇ ಮೊದಲು ಹಿಡಿಯುವುದು. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ. ಕೆಸರಿನ ಗೆರೆ ಇದ್ದರೆ ನೆರೆಯಲ್ಲಿ ಮುಳುಗಿದ ಗಾಡಿ. 2022ರ ನೆರೆಯಲ್ಲಿ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನಲ್ಲಿ ತುಂಬಾ ಗಾಡಿಗಳು ಮುಳುಗಿದವು. ಪಿಪಿಎಸ್‌ಆರ್ ಎಂಬ ಸರ್ಕಾರಿ ದಾಖಲೆಯಲ್ಲಿ ಗಾಡಿಯ ತಪಾಸಣೆಗೆ ಬರೀ 2 ಡಾಲರ್. ಸಾಲ ಬಾಕಿ, ಕಳವು, ರೈಟ್ ಆಫ್ (ಕೆಟ್ಟು ಲೆಕ್ಕದಿಂದ ತೆಗೆದ ಗಾಡಿ) ಎಲ್ಲಾ ಅದರಲ್ಲಿ ತಿಳಿಯುತ್ತದೆ. ರೋಡ್‌ವರ್ದಿ ಸರ್ಟಿಫಿಕೇಟ್ ಇದೆ ಎಂದು ಸಮಾಧಾನ ಪಡಬೇಡಿ. ಅದು ಬ್ರೇಕ್, ಟೈರ್, ಲೈಟ್ ನೋಡುತ್ತದೆ. ಎಂಜಿನ್, ಗೇರ್‌ಬಾಕ್ಸ್ ಎಷ್ಟು ದಿನ ಬಾಳುತ್ತವೆ ಎಂದು ಹೇಳುವುದಿಲ್ಲ.

ಬಹಳ ಮುಖ್ಯವಾದದ್ದು: ದುಡ್ಡು ಕೊಡುವ ಮುಂಚೆ ಗಾಡಿಯನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿ. ಹಳೇ ಗಾಡಿಗೆ ಹಿಂದಿನವರು ಬುಲ್ ಬಾರ್, ಎರಡನೇ ಬ್ಯಾಟರಿ, ಡ್ರಾಯರ್, ರೂಫ್ ರ್‍ಯಾಕ್ ಹಾಕಿಸಿರುತ್ತಾರೆ. 'ಎಲ್ಲಾ ಫ್ರೀ ಬಂತು' ಎಂದು ಖುಷಿ ಆಗುತ್ತದೆ. ಆದರೆ ನಾನು ಮೇಲೆ ಹೇಳಿದ ಖಾಲಿ ತೂಕದಲ್ಲಿ ಅವು ಯಾವುವೂ ಇಲ್ಲ. ಇವೇ ಸೇರಿ 200 ಕಿಲೊ ದಾಟಿದ್ದನ್ನು ನಾನು ನೋಡಿದ್ದೇನೆ.

ಹಾಗಾದರೆ ಏನು ಮಾಡಬಹುದು? ಲ್ಯಾಂಡ್ ಕ್ರೂಸರ್ ತಗೊಂಡು ಜಿವಿಎಂ ಅಪ್‌ಗ್ರೇಡ್ ಮಾಡಿಸುವುದು ಒಂದು ದಾರಿ. ಸ್ಪ್ರಿಂಗ್, ಶಾಕ್ ಬದಲಿಸಿ, ಎಂಜಿನಿಯರ್ ಸಹಿಯಾಗಿ, ಹೊಸ ಮಿತಿಯ ಪ್ಲೇಟ್ ಸಿಗುತ್ತದೆ. ಕೆಲವು ಸಾವಿರ ಡಾಲರ್ ಖರ್ಚು. ಆರು ಜನರಿಗೆ ಕಾನೂನಿನೊಳಗೆ ಜಾಗವಾಗುತ್ತದೆ, ಗಾಡಿ ಕ್ಯಾರವಾನಿಗಿಂತ ಭಾರವಿರುವುದರಿಂದ ರಸ್ತೆಯಲ್ಲಿ ಸ್ಥಿರವೂ ಹೌದು. ಆದರೆ ಗಾಡಿಗೇ ನಿಮ್ಮ ದುಡ್ಡೆಲ್ಲಾ ಮುಗಿದರೆ ಇದಕ್ಕೆ, ಮತ್ತು ಮೂರು ಲಕ್ಷದ ಹೊತ್ತಿಗೆ ಬರುವ ಕೆಲಸಗಳಿಗೆ ಏನೂ ಉಳಿಯುವುದಿಲ್ಲ. ಕೈಯಲ್ಲಿ ಏಳೆಂಟು ಸಾವಿರ ಉಳಿಯುವ ಬೆಲೆಗೆ ಸಿಕ್ಕರೆ ಮಾತ್ರ ಇದನ್ನು ಯೋಚಿಸಿ. ಪಜೇರೊ ಅಗ್ಗ, ಸರಳ, ಟಾರ್ ರಸ್ತೆಯಲ್ಲೂ ಫೋರ್ ವೀಲ್‌ನಲ್ಲಿ ಓಡಿಸಬಹುದು. ಆದರೆ ಪ್ರತಿ ಪ್ರವಾಸದಲ್ಲೂ 2,500ರ ಗೆರೆ ಕಾಯುತ್ತಾ ಕೂರಬೇಕು. ಕ್ಯಾರವಾನ್ ಇನ್ನೂ ಸಣ್ಣದಿದ್ದಿದ್ದರೆ ನಾನೇ ಪಜೇರೊ ತಗೊಳ್ಳಿ ಎನ್ನುತ್ತಿದ್ದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ರಾಡೊ ತಗೊಳ್ಳುತ್ತಿದ್ದೆ. ಡಿಪಿಎಫ್ ಕಾಗದ ಮತ್ತು ಗೇರ್‌ಬಾಕ್ಸ್ ಆಯಿಲ್ ಸರಿ ಇದ್ದರೆ ಮಾತ್ರ. ಕ್ಯಾರವಾನನ್ನು 2,500ಕ್ಕಿಂತ ಮೇಲೆ ತುಂಬುತ್ತಿರಲಿಲ್ಲ. ನಿಮ್ಮ ಕ್ಯಾರವಾನಿನಲ್ಲಿ 95 ಲೀಟರಿನ ಎರಡು ನೀರಿನ ಟ್ಯಾಂಕ್ ಇದ್ದರೆ ಅವೇ 190 ಕಿಲೊ. ಊರಿಂದ ಹೊರಡುವಾಗ ಒಂದನ್ನು ಖಾಲಿ ಬಿಡಿ. ಹೀಗೆ 2,500ಕ್ಕೆ ನಿಲ್ಲಿಸಿದರೆ ಟೋ ಬಾಲ್ ಭಾರ 250. ನೀವು ನಾಲ್ವರು ಕೂತ ಮೇಲೆ ಸುಮಾರು 197 ಕಿಲೊ ಉಳಿಯುತ್ತದೆ. ಅದು ಸಾಕು. ಒಂದು ಕೊರತೆ ಇದೆ: ಕ್ಯಾರವಾನ್ ಖಾಲಿ ಗಾಡಿಗಿಂತ ಸ್ವಲ್ಪ ಭಾರ. ಹಾಗಾಗಿ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ, 90-95ಕ್ಕಿಂತ ಜೋರಾಗಿ ಓಡಿಸಬೇಡಿ, ಏರಿನಲ್ಲಿ ನಾಲ್ಕು ಅಥವಾ ಐದನೇ ಗೇರಿಗೆ ನೀವೇ ಇಳಿಸಿ. ಅಡಿಲೇಡ್‌ಗೆ ಇಳಿಯುವ ಹೈವೇ ಕಡಿದಾಗಿದೆ. ನಮ್ಮ ಶಿರಾಡಿ, ಚಾರ್ಮಾಡಿಯ ಡ್ರೈವರುಗಳು ಹೇಳುವ ಹಾಗೆ, ಹತ್ತುವ ಗೇರಿನಲ್ಲೇ ಇಳಿಯಿರಿ.

ಅಪ್ಪ-ಅಮ್ಮನ ವಿಷಯ. ಅವರನ್ನು ಈ ಗಾಡಿಯಲ್ಲಿ ಕೂರಿಸಿಕೊಂಡು ಕ್ಯಾರವಾನ್ ಎಳೆಯಬೇಡಿ. ತೂಕ ಒಂದು ಕಾರಣ. ಮಿತಿ ಮೀರಿದ ಗಾಡಿ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಚೆಲ್ಲಬಹುದು. ಇನ್ನೊಂದು ಕಾರಣ ಅವರ ಮಂಡಿ. ಅಷ್ಟು ಎತ್ತರದ ಗಾಡಿಗೆ ದಿನಕ್ಕೆ ಹತ್ತು ಸಲ ಹತ್ತಿ ಇಳಿದು ಎರಡು ಸಾವಿರ ಕಿಲೊಮೀಟರಿಗೂ ಜಾಸ್ತಿ ಹೋಗುವುದು ಎಪ್ಪತ್ತರ ಹತ್ತಿರದವರಿಗೆ ಕಷ್ಟ. ಮೆಲ್ಬರ್ನ್‌ನಿಂದ ಉಲುರು ಪಕ್ಕದ ಏರ್ಸ್ ರಾಕ್ ವಿಮಾನ ನಿಲ್ದಾಣಕ್ಕೆ ವಿಮಾನವಿದೆ. ನೀವು ಮೊದಲು ಹೋಗಿ ಕ್ಯಾರವಾನ್ ನಿಲ್ಲಿಸಿ, ಅಲ್ಲಿ ಅವರನ್ನು ಇಳಿಸಿಕೊಳ್ಳಿ. ಕ್ಯಾರವಾನ್ ಬಿಚ್ಚಿದ ಮೇಲೆ ಆರು ಜನ ಅದೇ ಪ್ರಾಡೊದಲ್ಲಿ ಆರಾಮಾಗಿ ಸುತ್ತಾಡಬಹುದು. ಟೋ ಬಾಲ್ ಮೇಲಿನ 250 ಕಿಲೊ ಆಗ ಇರುವುದಿಲ್ಲ.

ಗಾಡಿ ಮನೆಗೆ ಬಂದ ಮೇಲೆ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್ ಎಲ್ಲಾ ಒಮ್ಮೆ ಬದಲಿಸಿಬಿಡಿ, ದಾಖಲೆ ಇದ್ದರೂ ಸರಿ. ಬ್ರೇಕ್ ಕಂಟ್ರೋಲರ್ ಕೆಲಸ ಮಾಡುತ್ತಿದೆಯಾ, ಕ್ಯಾರವಾನಿನ ಬ್ರೇಕ್‌ಅವೇ (ಕ್ಯಾರವಾನ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಬ್ಯಾಟರಿ ಚಾರ್ಜ್ ಹಿಡಿಯುತ್ತಿದೆಯಾ ನೋಡಿಸಿ. ನಿಮ್ಮ ತೂಕದ ಕ್ಯಾರವಾನಿಗೆ ಅದು ಕಾನೂನಿನಲ್ಲೂ ಕಡ್ಡಾಯ. ಮೊದಲ ಪ್ರವಾಸಕ್ಕೇ ಉಲುರು ಬೇಡ. ಒಂದು ವಾರಾಂತ್ಯ ಹಾಲ್ಸ್ ಗ್ಯಾಪ್‌ಗೆ ಹೋಗಿ ಬನ್ನಿ, ಸುಮಾರು 250 ಕಿಲೊಮೀಟರ್. ಜೂನ್‌ಗೆ ಏನೆಲ್ಲಾ ಒಯ್ಯುತ್ತೀರೋ ಅದನ್ನೆಲ್ಲಾ ತುಂಬಿಕೊಂಡೇ ಹೋಗಿ, ಅಕ್ಕಿ ಮೂಟೆ ಸಮೇತ. ಹೋಗುವ ದಾರಿಯಲ್ಲಿ ವೇಬ್ರಿಡ್ಜ್‌ಗೆ ಹತ್ತಿಸಿ ಮೂರು ಅಂಕಿ ಬರೆದುಕೊಳ್ಳಿ: ಗಾಡಿ, ಕ್ಯಾರವಾನ್, ಟೋ ಬಾಲ್. ಐವತ್ತು ಕಿಲೊಮೀಟರ್ ಆದ ಮೇಲೆ ನಿಲ್ಲಿಸಿ ವೀಲ್ ನಟ್ ಬಿಗಿ ನೋಡಿ, ಕ್ಯಾರವಾನಿನ ಹಬ್ ಮುಟ್ಟಿ ನೋಡಿ. ಒಂದು ಚಕ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿಯುತ್ತಿದೆ. ಅದನ್ನು ಮನೆ ಹತ್ತಿರವೇ ಸರಿ ಮಾಡಿಸಿಕೊಳ್ಳಬಹುದು.